ಅವ್ವನ ದನಿಗೊಂದು ಮುಳ್ಳು

ಶ್ರಾವಣದ ಆ ಸೋಮವಾರ ಮುಂಜಾನೆ ಕುರುಗೋಡಿನ ಮೇಲೆ ಮೋಡ ಕವಿದಿತ್ತು, ಹನಿ ಮಾತ್ರ ಇರಲಿಲ್ಲ. ಗಾಳಿ ಗುಡ್ಡದ ಬಂಡೆಗಳಿಗೆ ಬಡಿದು ಓಣಿಗೆ ಇಳಿದು, ಬಾಗಿಲ ಮುಂದಿನ ರಂಗೋಲಿಯನ್ನು ಅರ್ಧ ಒಯ್ದಿತ್ತು. ದೊಡ್ಡಬಸವಣ್ಣನಿಗೆ ಕೈಮುಗಿದು, ಉಪವಾಸದ ಹೊಟ್ಟೆಯಲ್ಲೇ ನಾನು ಬಳ್ಳಾರಿ ಬಸ್ ಹತ್ತಿದೆ. ಎಷ್ಟೋ ವರ್ಷಗಳ ಮೇಲೆ ಅವ್ವನ ದನಿ ಕೇಳುವವಳಿದ್ದೆ.

ನಮ್ಮವ್ವ ಪಕ್ಕೀರಮ್ಮ ಭಜನೆ ಹಾಡುವವಳು. ನಾನಿನ್ನೂ ಲಂಗ ಉಡುವ ವಯಸ್ಸಿನಲ್ಲಿ ಯಾವುದೋ ಸಣ್ಣ ಕಂಪನಿಯವರು ಬಂದು ಅವಳ ಎರಡು ತತ್ವಪದಗಳನ್ನು ರಿಕಾರ್ಡು ಮಾಡಿಕೊಂಡು ಹೋಗಿದ್ದರು. ಆ ಕಪ್ಪು ತಟ್ಟೆಗಳಲ್ಲಿ ಈಗ ಉಳಿದದ್ದು ಒಂದೇ. ಅದೂ ಸಿರುಗುಪ್ಪದಲ್ಲಿ ಅಕ್ಕಿ ಗಿರಣಿ ನಡೆಸುವ ನಮ್ಮಣ್ಣ ಚಿದಾನಂದಪ್ಪನ ಮನೆಯಲ್ಲಿ. ನುಡಿಸುವ ಪೆಟ್ಟಿಗೆ ಕೆಟ್ಟು ಯಾವ ಕಾಲವಾಯಿತೋ. ಅವ್ವ ಹೋದಮೇಲಂತೂ ಅದನ್ನು ಯಾರೂ ಕೇಳಿಲ್ಲ. "ಹೊಸ ಪೆಟ್ಟಿಗಿ ತೊಗೊಳ್ಳಾಕ ಹೊಂಟೀನಿ, ಆರಿಸಾಕ ನೀನೂ ಬಾ" ಎಂದು ಅಣ್ಣ ಫೋನ್ ಮಾಡಿದಾಗ ನಾನು ದೇವರ ಮುಂದೆ ಇನ್ನೊಂದು ದೀಪ ಹಚ್ಚಿದ್ದೆ.

ಗ್ರಾಮಫೋನುಗಳ ಅಂಗಡಿ ಇದ್ದದ್ದು ಕಂಟೋನ್ಮೆಂಟಿನ ಹಳೆಯ ಬಂಗಲೆಯೊಂದರ ಮುಂಗೋಣೆಯಲ್ಲಿ. ನಡೆಸುವವಳು ಜಾಸ್ಮಿನ್ ಎಂಬ ಹೆಣ್ಣುಮಗಳು. "ಬರ್ರಿ ಅಕ್ಕಾರ, ಕುಂದರ್ರಿ" ಎಂದು ಕುರ್ಚಿ ಎಳೆದುಕೊಟ್ಟಳು. ಅಣ್ಣ ಆಗಲೇ ಬಂದು, ಹಿತ್ತಾಳೆ ಕಹಳೆಯ ಪೆಟ್ಟಿಗೆಯೊಂದರ ಮುಂದೆ ನಿಂತು, ಅದರ ಹೊಳಪಿನಲ್ಲಿ ಮೀಸೆ ನೋಡಿಕೊಳ್ಳುತ್ತಿದ್ದ.

"ಇದ ಬೇಕ್ ನೋಡು ನೀಲಾ. ರಾಜರ ಮನ್ಯಾಗಿಂದು ಇದ್ದಂಗ ಐತಿ."

"ಅದರ ಮುಳ್ಳಿನ ಕೈ ಭಾರ ಐತ್ರಿ ಸಾರ್," ಎಂದಳು ಜಾಸ್ಮಿನ್. "ಮುಳ್ಳು ಒತ್ತಿ ಒತ್ತಿ ಹಳೇ ರಿಕಾರ್ಡಿನ ಗೆರಿ ಕೆತ್ತಿ ಹಾಕತೈತಿ. ಈ ಕರೀದು ನೋಡ್ರಿ, ಕೈ ಹಿಂದಿನ ತೂಕದ ಗುಂಡು ತಿರುವಿದ್ರ ಮುಳ್ಳು ಎಷ್ಟು ಬೇಕೋ ಅಷ್ಟ ಹಗುರಾಗಿ ಕುಂದರತೈತಿ."

"ಇದಾ? ರೊಟ್ಟಿ ಹಂಚಿನಂಗ ಐತಲ್ಲವಾ!"

"ಹಂಚಿನ ಮ್ಯಾಲೆ ರೊಟ್ಟಿನಾರ ಬರತೈತ್ರಿ ಸಾರ್. ಕಹಳಿ ಮ್ಯಾಲೆ ಏನ್ ಬರತೈತಿ?"

ನಾನು ನಕ್ಕುಬಿಟ್ಟೆ. "ಮೊದಲ ಅವ್ವನ ರಿಕಾರ್ಡು ತೆಗಿಯಣ್ಣ, ಹಚ್ಚಿ ಕೇಳೋಣು" ಎಂದೆ.

ಅವನು ಚೀಲದಿಂದ ತೆಗೆದು, ಸುತ್ತಿದ್ದ ರೇಷ್ಮೆ ಬಟ್ಟೆ ಬಿಚ್ಚಿದ. ತಟ್ಟೆಯ ಮೈಮೇಲೆ ಅಡ್ಡಕ್ಕೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ. ನೀರಲ್ಲಿ ಕಲಸಿ ಹಚ್ಚಿದ್ದು ವರ್ಷ ವರ್ಷವೂ ಪದರಗಟ್ಟಿ, ಗೆರೆಗಳೊಳಗೆ ಇಳಿದು ಕೂತಿತ್ತು.

"ಒಂದು ಮಾರ್ನಮಿ ತಪ್ಪಿಸಿಲ್ಲ, ಪೂಜಿ ಮಾಡೀನಿ," ಎಂದ, ಹೆಮ್ಮೆಯಿಂದ.

"ಹಾಡೋ ತಟ್ಟಿಗೆ ವಿಭೂತಿ ಹಚ್ಚತಾರೇನಣ್ಣ?"

"ದೇವರಿಗೆ ಹಚ್ಚತೀವಿ, ಅವ್ವಗ ಹಚ್ಚಬಾರದಾ? ಇರಲಿ ಬಿಡು, ಇದೇನು ಹಾಡಿಸಾಕಲ್ಲ. ಇವತ್ತ ಗಾಜಿನ ಕಟ್ಟು ಹಾಕಿಸಿ ಗಿರಣಿ ಹೊಸ ಆಫೀಸಿನ್ಯಾಗ ಗ್ವಾಡಿಗೆ ತೂಗಹಾಕ್ತೀನಿ. ಕೆಳಗ ಈ ಕಹಳಿ. ಪದ ಕೇಳಬೇಕಂದ್ರ ಫೋನಿನ್ಯಾಗ ಬೇಕಾದಷ್ಟು ಅದಾವ."

"ಅದರಾಗ ಅವ್ವ ಅದಾಳೇನು?"

ಉಪವಾಸದ ದಿನ ಸಿಟ್ಟು ಮಾಡಬಾರದೆಂದು ಬಲ್ಲೆ. ಆದರೆ ಹೊಟ್ಟೆಯೊಳಗೆ ಎದ್ದ ಉರಿಗೆ ವಾರ, ತಿಥಿ ತಿಳಿಯಲಿಲ್ಲ. ಸತ್ತವರ ಫೋಟೋಕ್ಕೆ ಗಾಜು ಹಾಕಿಸುತ್ತಾರೆ. ಇನ್ನೂ ಹಾಡಬಲ್ಲವಳಿಗೂ ಹಾಕಿಸುತ್ತಾರೆಯೇ? ಅಕ್ಕಿ ವ್ಯಾಪಾರಿಗಳು ಬಂದು ನೋಡಿ ತಲೆದೂಗಲಿ ಎಂದು ಅವಳನ್ನು ಮೊಳೆಗೆ ನೇತುಹಾಕುವುದೇ?

"ತೂಗಹಾಕಾಕ ಅದು ನಿಂದಲ್ಲ," ಎಂದೆ.

"ನಂದಲ್ದ ಮತ್ಯಾರದು? ಇಷ್ಟು ವರ್ಷ ಕಾದಾಂವ ನಾನು!"

"ಲಗ್ನದಾಗ ಅವ್ವ ನನ್ನ ಉಡಿ ತುಂಬಿದಾಗ ಅಕ್ಕಿ, ಕೊಬ್ಬರಿ ಬಟ್ಟಲದ ಜೋಡಿ ಇದನ್ನೂ ಇಟ್ಟಿದ್ಲು. ನೀನು ಬಾಜೂಕ ನಿಂತಿದ್ದಿ. ಗಂಡನ ಮನ್ಯಾಗ ಪೆಟ್ಟಿಗಿ ಇಲ್ಲ, ಬಂದಮ್ಯಾಲೆ ಒಯ್ತೀನಂತ ಹೇಳಿ ಬಿಟ್ಟು ಹೋದೆ. ಮಗಳ ಉಡ್ಯಾಗ ಹಾಕಿದ್ದನ್ನ ತವರುಮನಿ ತಿರುಗಿ ತೊಗೊಂಡದ್ದು ಯಾವ ಊರಾಗ ಕೇಳಿದಿ ಹೇಳು! ನಿನ್ನ ಹೊಲ ಕೇಳಿಲ್ಲ, ಗಿರಣಿ ಕೇಳಿಲ್ಲ. ನಮ್ಮವ್ವನ್ನ ಅಷ್ಟ ಕೇಳಾಕತ್ತೀನಿ."

ಅಣ್ಣ ಜಾಸ್ಮಿನಳತ್ತ ಓರೆಗಣ್ಣಲ್ಲಿ ನೋಡಿದ. "ಮಂದಿ ಮುಂದ ಮರ್ಯಾದಿ ಕಳೀತೀಯಲ್ಲೇ" ಎಂದು ಗೊಣಗಿದ.

"ಮರ್ಯಾದಿನಾ? ಶಿವನ ಪದ ಹಾಡಿದ ಗಂಟಲಿಗೆ ವಿಭೂತಿ ಮೆತ್ತಿ ಬಾಯಿ ಕಟ್ಟೀದಿ. ಅದಕ್ಕ ಪೂಜಿ ಅಂತ ಹೆಸರು ಬ್ಯಾರೆ!"

ಜಾಸ್ಮಿನ್ ತಟ್ಟೆಯನ್ನು ಎತ್ತಿಕೊಂಡು, ನಡುವಿನ ಚೀಟಿ ನೆನೆಯದ ಹಾಗೆ ನೀರು ಹನಿಸಿ, ಮೆತ್ತನೆ ಬಟ್ಟೆಯಿಂದ ಗೆರೆಗುಂಟ ಒರೆಸಿದಳು. ಬಟ್ಟೆ ಬೂದಿಬಣ್ಣಕ್ಕೆ ತಿರುಗಿತು. ಮತ್ತೆ ಒರೆಸಿದಳು, ಆರಲು ಬಿಟ್ಟಳು. ಆಮೇಲೆ ಕರಿಯ ಟರ್ನ್‌ಟೇಬಲ್ ಮೇಲಿಟ್ಟು ಮುಳ್ಳು ಇಳಿಸಿದಳು.

ಮೊದಲು ಬರೀ ಗರಗರ. ಆಮೇಲೆ ಏಕತಾರಿ. ಆಮೇಲೆ ಅವ್ವ.

ವಿಭೂತಿ ಹಚ್ಚಿದ್ದ ಜಾಗ ಬಂದಾಗೆಲ್ಲ ಚಟ್ ಚಟ್ ಎನ್ನುತ್ತಿತ್ತು. ಅದರ ನಡುವೆಯೂ ಅವಳು, ಹಿಟ್ಟು ನಾದುತ್ತಾ ಹಾಡುತ್ತಿದ್ದಳಲ್ಲ, ಹಾಗೇ ಅವಸರವಿಲ್ಲದೆ ಹಾಡಿದಳು. ನಿಂತಿದ್ದ ಅಣ್ಣ ಚಪ್ಪಲಿ ಬಿಟ್ಟು, ಭಜನೆಯಲ್ಲಿ ಕೂರುವ ಹಾಗೆ ನೆಲದ ಮೇಲೆ ಕೂತ. ನನ್ನ ಸಿಟ್ಟೇನೂ ಇಳಿಯಲಿಲ್ಲ. ಪ್ರತಿ ಚಟ್ ಸದ್ದಿಗೂ ಅದು ಹೊಸದಾಗಿ ಏಳುತ್ತಿತ್ತು. ಇಂಥ ದನಿ ಇಷ್ಟು ವರ್ಷ ಹೂವು ಏರಿಸಿಕೊಂಡು ಮೂಕವಾಗಿ ಕೂತಿತ್ತಲ್ಲ, ಪರಮಾತ್ಮಾ!

ಪದ ಮುಗಿಯಿತು. ಕರಿಯದನ್ನೇ ಕಟ್ಟಿಕೊಡಲು ಹೇಳಿದೆ. ಅಣ್ಣ ಎದ್ದು ಜೇಬಿಗೆ ಕೈ ಹಾಕಿದ. "ಬ್ಯಾಡ. ನಾನ ತೊಗೊಂತೀನಿ" ಎಂದೆ. ಕೈ ಹಿಂದಕ್ಕೆ ಬಂತು.

ಜಾಸ್ಮಿನ್ ರಿಕಾರ್ಡನ್ನು ಹೊಸ ಕಾಗದದ ಕವರಿಗೆ ಹಾಕಿ, ತಂದವನು ಅವನಲ್ಲವೇ ಎಂದು ಅವನತ್ತಲೇ ಚಾಚಿದಳು. ಅವನು ಎರಡೂ ಕೈಯಲ್ಲಿ ಹಿಡಿದುಕೊಂಡ. ಆಮೇಲೆ ನನ್ನ ಕಡೆ ತಿರುಗಿ, ಮುಖ ನೋಡದೆ, ನನ್ನ ಕೈಯಲ್ಲಿಟ್ಟ.