ಬ್ರೇಕ್ ಮಾಸ್ತರ ಎಂಟು ಸಿಲಿಂಡರು

ಊರಿನಲ್ಲಿ ಎಲ್ಲರೂ ಅವರನ್ನು ಬ್ರೇಕ್ ಮಾಸ್ತರು ಎಂದೇ ಕರೆಯುತ್ತಿದ್ದರು. ಮೂವತ್ತೊಂದು ವರ್ಷ ಡ್ರೈವಿಂಗ್ ಸ್ಕೂಲ್ ನಡೆಸಿದವರು. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತಮ್ಮ ಕಾಲಡಿಗೆ ಹಾಕಿಸಿಕೊಂಡಿದ್ದ ಇನ್ನೊಂದು ಬ್ರೇಕಿನ ಮೇಲೆ ಬಲಗಾಲು ಇಟ್ಟುಕೊಂಡೇ ಆಯುಷ್ಯ ಸವೆಸಿದವರು. ಅರ್ಧ ಊರಿಗೆ ಓಡಿಸಲು ಕಲಿಸಿದರೂ ಒಂದು ಗಾಡಿಯನ್ನಾದರೂ ತಾವು ಮನಸಾರೆ ಓಡಿಸಿದವರಲ್ಲ. ಸ್ಕೂಲನ್ನು ಮಗಳ ಕೈಗೆ ಒಪ್ಪಿಸಿದ ವಾರವೇ ಎಂಟು ಸಿಲಿಂಡರಿನ ಕೆಂಪು ಸ್ಪೋರ್ಟ್ಸ್ ಕಾರು ತಂದು ಮನೆ ಮುಂದೆ ನಿಲ್ಲಿಸಿದಾಗ, ಹೆಂಡತಿ ಬಾಗಿಲಲ್ಲೇ ನಿಂತು ಮೂಗಿನ ಮೇಲೆ ಬೆರಳಿಟ್ಟರು.

ಕಾರು ಎರಡನೇ ಗೇರಿನಲ್ಲೇ ನೂರು ದಾಟುತ್ತದೆ ಎಂದು ಮಾರಿದವನು ಹೇಳಿದ್ದ. ಹೇಳಿದ್ದಷ್ಟೇ ಬಂತು. ಪೇಟೆಯಲ್ಲಿ ಮಿತಿ ನಲವತ್ತು, ಶಾಲೆಗಳ ಮುಂದೆ ಇಪ್ಪತ್ತು, ಸೇತುವೆಯ ಮೇಲೆ ಬಸ್ಸಿನ ಹಿಂದೆ ಸೊನ್ನೆ. ರಸ್ತೆಯುಬ್ಬು ಬಂದಲ್ಲೆಲ್ಲ ಕಾರಿನ ಹೊಟ್ಟೆ ಕರಕರ ಉಜ್ಜಿ ಮಾಸ್ತರ ಹಲ್ಲು ಜುಮ್ಮೆನ್ನುತ್ತಿತ್ತು. ಮೂರನೇ ಗೇರಿನಿಂದ ಮೇಲಿನದೆಲ್ಲ ಪೆಟ್ಟಿಗೆಯಲ್ಲಿಟ್ಟ ಒಡವೆ. ಸಿಗ್ನಲ್ಲಿನಲ್ಲಿ ಸೈಕಲ್ಲಿನವರು ಪಕ್ಕಕ್ಕೆ ಬಂದು, ಕಾರನ್ನು ಮೇಲಿಂದ ಕೆಳಗೆ ನೋಡಿ, ಹಸಿರು ಬಿದ್ದೊಡನೆ ಮುಂದೆ ಹೋಗಿಬಿಡುತ್ತಿದ್ದರು. ಎಂಟು ತಿಂಗಳು ಇದೇ ಹಣೆಬರಹ.

ಸಾಲದ್ದಕ್ಕೆ ಕಣ್ಣಿನ ಡಾಕ್ಟರು ಬೇರೆ. ದೃಷ್ಟಿ ಮಂಕಾಗುತ್ತಿದೆ, ಈ ಲೈಸೆನ್ಸ್ ಮುಗಿದ ಮೇಲೆ ಇನ್ನೊಂದಕ್ಕೆ ಸಹಿ ಹಾಕುವುದಿಲ್ಲ ಎಂದು ಕಡ್ಡಿ ಮುರಿದಂತೆ ಹೇಳಿದ್ದರು. ಆ ಕೊನೆಯ ದಿನವೂ ಬಂತು. ಒಂದೇ ಒಂದು ಸಲ ಪೆಡಲನ್ನು ತಳ ಮುಟ್ಟಿಸಬೇಕು, ಕಾರು ಪೂರ್ತಿ ಬಾಯಿಬಿಟ್ಟು ಕೂಗುವುದನ್ನು ಕೇಳಬೇಕು. ಮಾಸ್ತರಿಗೆ ಬೇಕಾಗಿದ್ದು ಅಷ್ಟೇ.

ಬೆಳಿಗ್ಗೆ ಏಳಕ್ಕೆ ಜಲಾಶಯದ ರಸ್ತೆಗೆ ಬಂದರು. ನಾಲ್ಕು ಕಿಲೋಮೀಟರ್ ದಾರ ಹಿಡಿದಂತೆ ನೇರ, ಒಂದು ಮನೆಯಿಲ್ಲ. ರಸ್ತೆಗಿಳಿದು ನೋಡಿದರೆ ಮುಂದೆ ತಮ್ಮದೇ ಸ್ಕೂಲಿನ ಬಿಳಿ ಕಾರು ಮೂವತ್ತರಲ್ಲಿ ತೆವಳುತ್ತಿದೆ. ಕಲಿಯುವವರನ್ನು ಹಿಂದೆ ಹಾಕಿ ಹೆದರಿಸಬಾರದು ಎಂದು ಸ್ಕೂಲಿನ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿದವರು ಅವರೇ. ಹಲ್ಲು ಕಚ್ಚಿಕೊಂಡು ಹಿಂದೆ ಹಿಂದೆಯೇ ಹೋದರು.

ಬಿಳಿ ಕಾರಿನ ಪಕ್ಕದ ಸೀಟಿನಲ್ಲಿದ್ದ ಮಗಳು ಕನ್ನಡಿಯಲ್ಲಿ ಅಪ್ಪನನ್ನು ಕಂಡಳು. ಇವತ್ತು ಯಾವ ದಿನವೆಂದು ಅವಳಿಗೂ ಗೊತ್ತಿತ್ತು. ಕಲಿಯಲು ಬಂದಿದ್ದ ನರ್ಸಮ್ಮನಿಂದ ಗಾಡಿ ಬದಿಗೆ ಹಾಕಿಸಿ, ಇಳಿದು ಬಂದು, ಹಿಂದೆಯೇ ನಿಂತ ಅಪ್ಪನ ಕಾರಿನ ಕಿಟಕಿಗೆ ಬಗ್ಗಿದಳು.

"ಮುಂದೆ ಪೂರ್ತಿ ಖಾಲಿ ಇದೆಯಪ್ಪಾ. ಹೋಗ್ಬಾ. ನಾನೇನೂ ನೋಡ್ಲಿಲ್ಲ."

ಮಾಸ್ತರು ಹೊರಟರು. ಒಂದನೇ ಗೇರು, ಎರಡನೇ ಗೇರು. ಪೆಡಲ್ ಒತ್ತಿದೊಡನೆ ಕಾರು ಬೆನ್ನಿಗೆ ಗುದ್ದಿದಂತೆ ಮುಂದಕ್ಕೆ ನುಗ್ಗಿತು. ಆ ಕ್ಷಣವೇ ಅವರ ಬಲಗಾಲು, ಯಾರೋ ಕಲಿಯುವವನು ತಪ್ಪು ಮಾಡಿದನೆಂಬಂತೆ, ಹಾರಿ ಬ್ರೇಕಿನ ಮೇಲೆ ಕೂತಿತು. ಟಯರು ಕಿರುಚಿ ಕಾರು ಅಡ್ಡಡ್ಡಲಾಗಿ ನಿಂತಿತು. ಮತ್ತೆ ಹೊರಟರು, ಮತ್ತೆ ನಿಂತಿತು. ಮೂರನೇ ಸಲ ಕಾಲಿಗೆ ಬಾಯಿಬಿಟ್ಟು ಬೈದೇ ಹೊರಟರು. ಕಾಲು ಯಜಮಾನನ ಮಾತು ಕೇಳಲಿಲ್ಲ. ಮಾಸ್ತರಿಗೆ ಅಳು ಬಂತು. ಉಬ್ಬು, ಬಸ್ಸು, ಡಾಕ್ಟರು ಎಂದು ಎಂಟು ತಿಂಗಳು ಊರನ್ನೆಲ್ಲ ಬೈದಿದ್ದರು, ಕಳ್ಳ ನೋಡಿದರೆ ಅವರ ಬೂಟಿನೊಳಗೇ ಇದ್ದ.

ಖಾಲಿ ರಸ್ತೆಯಲ್ಲೂ ಇಂಡಿಕೇಟರ್ ಹಾಕಿಯೇ ಕಾರು ತಿರುಗಿಸಿದರು. ವಾಪಸ್ಸು ಬಂದು ಕೀಲಿಯನ್ನು ಮಗಳತ್ತ ಚಾಚಿದರು.

"ನನ್ನ ಕೈಲಾಗಲ್ಲ ಕಣೇ. ನೀನು ಓಡ್ಸು. ನಾನು ಪಕ್ಕದಲ್ಲಿ ಕೂತ್ಕೋತೀನಿ."

ನರ್ಸಮ್ಮ ಬಿಳಿ ಕಾರಿಗೆ ಒರಗಿ ನೋಡುತ್ತಿದ್ದರು. ಮಗಳು ಕೂತಳು, ಕನ್ನಡಿ ಸರಿಮಾಡಿಕೊಂಡಳು, ಬೆಲ್ಟ್ ಹಾಕಿಕೊಂಡಳು, ಹೊರಟಳು. ಕಾರು ನುಗ್ಗಿದೊಡನೆ ಮಾಸ್ತರ ಬಲಗಾಲು ಧಪ್ಪನೆ ಕೆಳಗೆ ಬಿತ್ತು. ಅಲ್ಲಿ ಬರೀ ಮ್ಯಾಟ್. ಪೆಡಲ್ ಇರಲಿಲ್ಲ, ಕಾರು ನಿಲ್ಲಲಿಲ್ಲ. ಐವತ್ತು, ಅರವತ್ತು, ಎಪ್ಪತ್ತು. ಎಂಟು ತಿಂಗಳಲ್ಲಿ ಮೊದಲ ಬಾರಿಗೆ ಅವರು ಮಗುವಿನ ಹಾಗೆ ನಕ್ಕರು.

ಮುಳ್ಳು ಎಂಬತ್ತಕ್ಕೆ ಬಂದು ಅಲ್ಲೇ ನಿಂತಿತು. ರಸ್ತೆ ಇನ್ನೂ ಮೂರು ಕಿಲೋಮೀಟರ್ ಖಾಲಿ ಬಿದ್ದಿತ್ತು. ಎಂಜಿನ್ ನಿದ್ದೆಗಣ್ಣಿನಲ್ಲಿ ಗೊಣಗುತ್ತಿತ್ತು.

"ಒತ್ತು," ಎಂದರು ಮಾಸ್ತರು. ಮೂವತ್ತೊಂದು ವರ್ಷದಲ್ಲಿ ಯಾರಿಗೂ ಹೇಳದ ಮಾತು ಅದು. "ಇನ್ನೂ ಒತ್ತು ಮಗಳೇ."

ಮಗಳು ತುಟಿ ಕಚ್ಚಿಕೊಂಡಳು. ರಸ್ತೆ ಬದಿಯಲ್ಲಿ ಎಂಬತ್ತರ ಮಿತಿಯ ಬೋರ್ಡು ಹಿಂದೆ ಸರಿಯಿತು. ಅವಳ ಹಣೆಯಲ್ಲಿ ಬೆವರು ಮೂಡಿತು.

"ಒತ್ತೋಣ ಅಂತಾನೇ ನೋಡ್ತಿದೀನಪ್ಪಾ," ಎಂದಳು. "ಕಾಲು ಹೋಗ್ತಿಲ್ಲ."

ಹದಿನೆಂಟನೇ ವಯಸ್ಸಿನಲ್ಲಿ ಅವಳಿಗೆ ಓಡಿಸಲು ಕಲಿಸಿದವರು ಅವರೇ. ಮಾಸ್ತರ ಬಲಗಾಲು ಇನ್ನೂ ಮ್ಯಾಟನ್ನು ಒತ್ತಿಕೊಂಡೇ ಇತ್ತು.