ಬೆರಳಿಡಬಾರದ ಜಾಗ

ನಾಲ್ಕು ದಿನ ಬಾಗಿಲ ಹೊರಗೆ ಚಪ್ಪಲಿಗಳ ರಾಶಿ ಇತ್ತು. ಐದನೆಯ ದಿನ ಬೆಳಗ್ಗೆ ನೋಡಿದರೆ ಮನೆಯವರದಷ್ಟೇ ಉಳಿದಿದ್ದವು. ನಾನು ನೀರಿನ ಮೋಟರ್ ಹಾಕಿದೆ, ಟ್ಯಾಂಕ್ ತುಂಬುವವರೆಗೆ ಅಲ್ಲೇ ನಿಂತೆ, ಆರಿಸಿದೆ. ಗಂಡನನ್ನು ಮಣ್ಣು ಮಾಡಿ ಬಂದ ಮೇಲಿನ ಮೊದಲ ಮಾಮೂಲಿ ಬೆಳಗು ಅದು.

ಭಾವ ಮೆಟ್ಟಿಲು ಹತ್ತಿ ಬಂದರು. ಗಂಡನ ಅಣ್ಣ. ಕೆಳಗಡೆ ಹಳೆಯ ಸೋಫಾಗಳಿಗೆ ಹೊಸ ಬಟ್ಟೆ ಹೊದಿಸುವ ಅಂಗಡಿ ಅವರದು. ನನ್ನ ಗಂಡ ಅಲ್ಲೇ ಕೆಲಸ ಮಾಡುತ್ತಿದ್ದ.

"ನನ್ನ ಚಾಕು ಅವನ ಹತ್ರ ಇತ್ತು. ಮಡಚೋದು. ಎರವಲು ಕೊಟ್ಟಿದ್ದೆ."

ಆಸ್ಪತ್ರೆಯವರು ಕೊಟ್ಟ ಚೀಲ ಇನ್ನೂ ಬಾಗಿಲ ಹಿಂದೆಯೇ ಇತ್ತು. ಗಡಿಯಾರ, ಬೆಲ್ಟು, ಚಾಕು. ಚಾಕುವನ್ನು ತಂದು ಮೇಜಿನ ಮೇಲಿಟ್ಟೆ. ಭಾವ ಅದನ್ನು ಮುಟ್ಟಲಿಲ್ಲ.

"ಇದರ ಲಾಕ್ ಹೋಗಿದೆ. ನಾನು ಕೊಟ್ಟಾಗ ಕಲ್ಲಿನಂಗಿತ್ತು. ಅರ್ಧ ದಿನದಲ್ಲಿ ಕೆಡಿಸಿ ಹಾಕಿದ. ಇಂಥದ್ದೇ ಹೊಸದು ತಂದುಕೊಡು."

ಒಳಗಿನಿಂದ ಅತ್ತೆ ಹೇಳಿದರು. "ಅವನದು ಮೊದಲಿಂದ್ಲೂ ಅವಸರದ ಕೈ."

ನಾಲ್ಕು ದಿನಗಳಿಂದ ಬಂದವರಿಗೆಲ್ಲ ಅತ್ತೆ ಅದನ್ನೇ ಹೇಳಿದ್ದರು. ಬಂದವರೂ ತಲೆಯಾಡಿಸಿದ್ದರು. ಕೈ ಕೊಯ್ದುಕೊಂಡ ದಿನ ಬೆಳಗ್ಗೆ ಗಂಡನ ಚಾಕು ಮುರಿದಿತ್ತು. ಅಣ್ಣನದನ್ನು ತೆಗೆದುಕೊಂಡ. ಮಧ್ಯಾಹ್ನ ಹಳೆಯ ಸೋಫಾದ ಅಡಿಯ ಗೋಣಿಬಟ್ಟೆ ಕೊಯ್ಯುವಾಗ ಅಲಗು ಬೆರಳುಗಳ ಮೇಲೆ ಮಡಚಿಕೊಂಡಿತು. ಬಟ್ಟೆ ಸುತ್ತಿಕೊಂಡು ಕೆಲಸ ಮುಗಿಸು ಎಂದರು ಭಾವ. ಒಂಬತ್ತನೆಯ ದಿನ ಹೋಗಿಬಿಟ್ಟ. ರಕ್ತಕ್ಕೆ ನಂಜೇರಿತು ಎಂದು ಡಾಕ್ಟರು ಬರೆದಿದ್ದರು. ಮನೆಯಲ್ಲಿ ಅದು ಅವಸರದ ಕೈ ಎಂದಾಗಿತ್ತು.

ತಪ್ಪು ಕೈಯದೋ ಚಾಕುವಿನದೋ? ನನಗೆ ಅದೊಂದು ತಿಳಿಯಬೇಕಿತ್ತು. ಹಳೆಯದನ್ನು ಪರ್ಸಿನಲ್ಲಿ ಹಾಕಿಕೊಂಡು ಹೊರಟೆ.

ಚಾಕು, ಕತ್ತರಿಗಳ ಅಂಗಡಿ ಎರಡು ಬೀದಿ ಆಚೆ. ಕೌಂಟರಿನಲ್ಲಿ ಒಬ್ಬ ಮುದುಕ. ಚಾಕುಗಳನ್ನು ಒಂದೊಂದಾಗಿ ತೆಗೆದಿಟ್ಟ. ಮೊದಲನೆಯದರಲ್ಲಿ ಮಡಚಿದಾಗ ಅಲಗು ಹಿಡಿಯ ನಡುವೆ ನಿಲ್ಲದೆ ಒಂದು ಪಕ್ಕಕ್ಕೆ ವಾಲಿತ್ತು. ಎರಡನೆಯದನ್ನು ಬಿಚ್ಚಿ ತುದಿ ಹಿಡಿದು ಅಲ್ಲಾಡಿಸಿದರೆ ಬೀಳುವ ಹಲ್ಲಿನಂತೆ ಅಲುಗಿತು. ಮೂರನೆಯದು ಬಿಚ್ಚುವಾಗ ಒಳಗೆ ಮರಳಿದ್ದಂತೆ ಕರಕರ ಎಂದಿತು. ನಾಲ್ಕನೆಯದರಲ್ಲಿ ಹಿಡಿಯೂ ಉಕ್ಕೂ ಕೂಡುವ ಜಾಗ ಉಗುರಿಗೆ ತಗಲುತ್ತಿತ್ತು. ಎಲ್ಲವನ್ನೂ ವಾಪಸ್ಸು ತಳ್ಳಿದೆ.

"ಚಾಕು ನೋಡೋಕೆ ಬಂದ್ರೋ, ವರ ನೋಡೋಕೆ ಬಂದ್ರೋ?" ಎಂದ.

"ವರನನ್ನ ಇಷ್ಟು ನೋಡಿರಲಿಲ್ಲ."

ಅವನು ಐದನೆಯದನ್ನು ಕೌಂಟರಿನ ಮೇಲೆ ಕುಕ್ಕಿದ. ನಾನು ಅದನ್ನು ಬಿಚ್ಚಿ, ಹಿಡಿಯನ್ನು ಮುಷ್ಟಿಯಲ್ಲಿ ಹಿಡಿದು, ಲಾಕ್ ತಡೆಯುತ್ತದೋ ನೋಡೋಣವೆಂದು ಅಲಗಿನ ಬೆನ್ನನ್ನು ಕೌಂಟರಿನ ಅಂಚಿಗೆ ಒತ್ತಲು ಹೋದೆ. ಮುದುಕ ನನ್ನ ಮಣಿಕಟ್ಟು ಹಿಡಿದ.

"ಏಯ್! ಬೆರಳು ಬೇಡ್ವಾ ನಿಮಗೆ? ನಂಬಿಕೆ ಇರೋ ಚಾಕುನ ಹಾಗೆ ಹಿಡೀತಾರೆ. ಗೊತ್ತಿಲ್ಲದ್ದನ್ನ ಹೀಗೆ." ಹಿಡಿಯ ಒಂದು ಮಗ್ಗುಲಿಗೆ ಹೆಬ್ಬೆರಳು, ಇನ್ನೊಂದು ಮಗ್ಗುಲಿಗೆ ಉಳಿದ ಬೆರಳುಗಳ ತುದಿ. ಅಲಗು ಮಡಚಿ ಕೂರುವ ಸೀಳಿನ ಕೆಳಗೆ ಒಂದು ಬೆರಳೂ ಇಲ್ಲ. "ಮಡಚಿಕೊಂಡ್ರೆ ಗಾಳಿ ಕೊಯ್ಯುತ್ತೆ, ನಿಮ್ಮನ್ನಲ್ಲ. ಈಗ ಒತ್ತಿ."

ಒತ್ತಿದೆ. ಐದನೆಯದು ಜಗ್ಗಲಿಲ್ಲ.

ಆಗ ಹಳೆಯದನ್ನು ತೆಗೆದುಕೊಟ್ಟೆ. ಅವನು ಬಿಚ್ಚಿದ, ತಾನು ಹೇಳಿದ ಹಾಗೆಯೇ ಹಿಡಿದ, ಒತ್ತಿದ. ಟಪ್ಪೆಂದು ಮಡಚಿಕೊಂಡಿತು.

"ನನ್ನ ಗಂಡ ಕೆಡಿಸಿದ್ದಂತೆ," ಎಂದೆ.

"ಯಾವ ಗೂಬೆ ಹೇಳಿದ್ದು?" ಭೂತಗನ್ನಡಿ ತೆಗೆದ. "ನೋಡಿ. ಬಿಚ್ಚಿದಾಗ ಈ ತೆಳು ಪಟ್ಟಿ ಅಲಗಿನ ಬುಡದ ಹಿಂದೆ ಬಂದು ಅಡ್ಡ ನಿಲ್ಲಬೇಕು. ಅದೇ ಲಾಕು. ಬಳಸಿ ಸವೆದ್ರೆ ಪಟ್ಟಿ ಆಚೆ ಪಕ್ಕಕ್ಕೆ ಸರಿದಿರುತ್ತೆ. ಇದು ಈಚೆ ಅಂಚಿಗೇ ನಿಂತಿದೆ. ಬುಡ ಕೊಯ್ದಿರೋದೇ ಸೊಟ್ಟ. ಯಾರೂ ಕೆಡಿಸಿಲ್ಲ ಇದನ್ನ, ಹುಟ್ಟುಕುಂಟು. ನಾಲ್ಕು ದಿನ ಬಳಸಿದವನಿಗೆ ಗೊತ್ತಿರಲೇಬೇಕು."

ಭಾವ ಅದನ್ನು ಎರಡು ವರ್ಷ ಜೇಬಿನಲ್ಲಿಟ್ಟುಕೊಂಡು ಓಡಾಡಿದ್ದರು.

"ಐದನೇದು ಕಟ್ಟಲಾ?"

"ಬೇಡ."

"ಬೋಣಿ ಹೊತ್ತಲ್ಲಿ ಬಂದು ನಾಲ್ಕು ಚಾಕುಗೆ ಹೆಸರಿಟ್ಟು, ಒಳ್ಳೇದನ್ನೂ ಬಿಟ್ಟು ಹೋಗ್ತೀರಲ್ಲ ತಾಯಿ!"

ಬೀದಿಯವರೆಗೂ ಬೈಗುಳ ಕೇಳಿಸುತ್ತಿತ್ತು.

ಭಾವನ ಅಂಗಡಿಯಲ್ಲಿ ಒಂದು ಸೋಫಾ ಕಾಲು ಮೇಲೆ ಮಾಡಿ ಬಿದ್ದಿತ್ತು. ಅತ್ತೆ ಮೂಲೆಯ ಸ್ಟೂಲಿನಲ್ಲಿ ಕೂತು ಹಳೆಯ ಬಟ್ಟೆಯಿಂದ ಮೊಳೆ ಕೀಳುತ್ತಿದ್ದರು. ಭಾವ ಸುತ್ತಿಗೆ ಹಿಡಿದಿದ್ದರು, ಹಿಡಿಯ ಸುತ್ತ ಐದೂ ಬೆರಳು ಬಿಗಿದು.

"ತಂದ್ಯಾ?"

ಹಳೆಯದನ್ನೇ ಅವರ ಮುಂದಿನ ಮೇಜಿನ ಮೇಲಿಟ್ಟೆ.

"ಇದೇನು? ಅಷ್ಟು ಓದಿದೀಯ, ಹೊಸದು ಯಾವುದು ಹಳೇದು ಯಾವುದು ಗೊತ್ತಾಗಲ್ವಾ?"

"ಇದರಲ್ಲಿ ನೀವು ಹೇಗೆ ಕೊಯ್ತಿದ್ರಿ ಭಾವ? ಒಂದು ಸಲ ತೋರಿಸಿ."

"ನೋಡಮ್ಮ," ಎಂದರು ಅತ್ತೆಯ ಕಡೆ ತಿರುಗಿ. "ವಿಶ್ವವಿದ್ಯಾಲಯದಲ್ಲಿ ಎಲ್ಲ ಕಲಿಸಿದಾರೆ, ಚಾಕು ಹಿಡಿಯೋದೊಂದು ಬಿಟ್ಟು." ಸುತ್ತಿಗೆಯನ್ನು ಮೇಜಿನ ಮೇಲಿಟ್ಟು ಚಾಕು ಬಿಚ್ಚಿದರು. ರೆಕ್ಸಿನ್ ತುಂಡೊಂದನ್ನು ಎಳೆದುಕೊಂಡು ಸರ್ರನೆ ಕೊಯ್ದರು. ಗೆರೆ ಎಳೆದಷ್ಟು ನೇರವಾಗಿ ಬಂತು.

ನಾನು ರೆಕ್ಸಿನ್ ನೋಡುತ್ತಿರಲಿಲ್ಲ. ಒಂದು ಮಗ್ಗುಲಿಗೆ ಹೆಬ್ಬೆರಳು, ಇನ್ನೊಂದಕ್ಕೆ ಬೆರಳ ತುದಿಗಳು. ಸೀಳಿನ ಕೆಳಗೆ ಏನೂ ಇರಲಿಲ್ಲ.

ಅತ್ತೆಯೂ ನೋಡುತ್ತಿದ್ದರು.

"ಅದೇನೋ ಅದು, ಬಿಸಿ ಪಾತ್ರೆ ಹಿಡಿದಂಗೆ ಹಿಡಿದಿದೀಯಾ?"

"ಇಲ್ಲಾಂದ್ರೆ ಮಡಚಿಕೊಂಡು ಬೆರಳ ಮೇಲೆ—"

ನಿಲ್ಲಿಸಿದರು. ಅತ್ತೆಯ ಕೈಯ ಮೊಳೆ ಡಬ್ಬಿಯಲ್ಲಿ ಬಿತ್ತು. ಇನ್ನೊಂದನ್ನು ಅವರು ಕೀಳಲಿಲ್ಲ.

"ಇದನ್ನ ಅವರಿಗೆ ಹೇಳಿದ್ರಾ ಭಾವ?" ಎಂದೆ.

"ಅವನು ಕೇಳಲಿಲ್ಲ." ರೆಕ್ಸಿನ್ ತುಂಡನ್ನು ಪಕ್ಕಕ್ಕೆ ತಳ್ಳಿದರು. "ಅವಸರದಲ್ಲಿದ್ದ. ಯಾವಾಗ್ಲೂ ಅವಸರ. ಕೇಳಮ್ಮ, ನೀನೇ ಹೇಳ್ತಿದ್ದೆಯಲ್ಲ."

ಅತ್ತೆ ಮಗನ ಬೆರಳುಗಳನ್ನು ನೋಡುತ್ತಲೇ ಇದ್ದರು. ಐದೂ ಇದ್ದವು.

ಭಾವ ಚಾಕು ಮಡಚಿ ನನ್ನ ಕಡೆ ತಳ್ಳಿದರು. "ತಗೊಂಡು ಹೋಗು ಇದನ್ನ. ಹೊಸದೂ ಬೇಡ, ಏನೂ ಬೇಡ."

ಅದು ಮೇಜಿನ ಅಂಚಿನವರೆಗೆ ಜಾರಿ ಬಂತು. ಬೀಳುವ ಮೊದಲು ಹಿಡಿದೆ. ತಿರುಗಿ ಅವರ ಮುಂದೆ, ಸುತ್ತಿಗೆಯ ಪಕ್ಕ ಇಟ್ಟೆ.

"ನಿಮ್ಮದು ಭಾವ," ಎಂದೆ. "ಅವರು ಎರವಲು ತಂದಿದ್ದು. ಬೆಳಗ್ಗೆ ನೀವೇ ಕೇಳಿದ್ರಿ."