ಅಳತೆಗೊಬ್ಬರು

ಇನ್ನು ಮೇಲೆ ನಿನ್ನ ಫೋಟೊ ತೆಗೆಯುವುದಿಲ್ಲ, ಸತ್ತರೂ ತೆಗೆಯುವುದಿಲ್ಲ, ಬೇರೆಯವರಿಗೂ ಬಿಡುವುದಿಲ್ಲ ಎಂದು ವರದರಾಜರು ಹೆಂಡತಿಗೆ ಮಾತು ಕೊಟ್ಟು ಮೂವತ್ತೊಂದು ವರ್ಷವಾಗಿತ್ತು. ಈಗ ಆಕೆ ನಡುಮನೆಯಲ್ಲಿ ದರ್ಭೆಯ ಮೇಲೆ ದಕ್ಷಿಣಕ್ಕೆ ತಲೆಯಿಟ್ಟು ಮಲಗಿದ್ದಳು. ವರದರಾಜರು ಆಕರ್ಷನ ಮೊಬೈಲಿಗೆ ಅಂಗೈ ಅಡ್ಡ ಹಿಡಿದು ನಿಂತಿದ್ದರು.

"ಬೇಡಪ್ಪ."

"ಒಂದೇ ಒಂದು, ಚಿಕ್ಕಪ್ಪ. ಸುಪ್ರಜಕ್ಕ ಬರೋದು ಲೇಟಾದ್ರೆ..."

"ಬೇಡ ಅಂದೆನಲ್ಲ. ಒಳಗಿಡು."

ಆಕರ್ಷ, ಹೆಂಡತಿ ಆಂಡಾಳಿನ ಅಕ್ಕ ಸುಂದರಮ್ಮನ ಮಗ. ಹುಡುಗ ಪಾಪದವನು, ತಲೆ ತಗ್ಗಿಸಿ ಮೊಬೈಲನ್ನು ಜೇಬಿಗೆ ಹಾಕಿಕೊಂಡ. ಮನೆಯೊಳಗೆ ಆಗ ಇಪ್ಪತ್ತು ಜನರಿದ್ದರು. ಬಂದವರ ಕೈ ನೋಡಿ ನೋಡಿ ವರದರಾಜರು ಲೆಕ್ಕ ಹಾಕಿದ್ದರು, ಹನ್ನೊಂದು ಮೊಬೈಲು. ಅವರ ಕಾಲದಲ್ಲಿ ಕ್ಯಾಮೆರಾ ಅಂದರೆ ಮೂರು ಕಾಲಿನ ಮೇಲೆ ನಿಂತು ಕರಿಬಟ್ಟೆ ಹೊದ್ದ ದೊಡ್ಡ ಪ್ರಾಣಿ. ಬಂದರೆ ಗೊತ್ತಾಗುತ್ತಿತ್ತು. ಈಗಿನದ್ದು ಸೊಂಟದಲ್ಲಿರುತ್ತದೆ, ಸೆರಗಿನಲ್ಲಿರುತ್ತದೆ. ಯಾರೋ ಕಣ್ಣೊರೆಸಿಕೊಳ್ಳಲು ಕೈಯೆತ್ತಿದರೂ ಅವರಿಗೆ ದಿಗಿಲು.

ಬೆಳಿಗ್ಗೆ ಐದಕ್ಕೆ ಎದ್ದು, ಧನುರ್ಮಾಸದ ಹುಗ್ಗಿಗೆಂದು ಹೆಸರುಬೇಳೆ ತೊಳೆದಿಟ್ಟು, ಎದೆ ಹಿಡಿದುಕೊಂಡು ಕೂತ ಆಂಡಾಳ್ ಮತ್ತೆ ಏಳಲಿಲ್ಲ. ಬೇಳೆ ಇನ್ನೂ ಪಾತ್ರೆಯಲ್ಲೇ ಇತ್ತು. ಹಾಸನದಿಂದ ಮಗಳು ಸುಪ್ರಜಾ ಬಸ್ಸು ಹತ್ತಿದ್ದಳು. ಕರ್ಮ ಮಾಡಿಸಲು ಬಂದ ವಾಧ್ಯಾರರು ಎರಡು ಸಲ ಗಡಿಯಾರ ನೋಡಿದ್ದರು. ಡಿಸೆಂಬರ್ ಹಗಲು ಗಿಡ್ಡ, ಸೂರ್ಯ ಮುಳುಗುವುದರೊಳಗೆ ಮುಗಿಯಬೇಕು, ನಾಲ್ಕಕ್ಕೆ ಗಾಡಿ ಹೊರಡಲೇಬೇಕು ಎಂದಿದ್ದರು.

*

ಗಾಂಧಿ ಬಜಾರಿನ ಹಿಂದಿನ ಅಡ್ಡರಸ್ತೆಯ ಆ ಮನೆಗೆ ಮುಂದಿನ ಕೋಣೆಯೇ ಸ್ಟುಡಿಯೊ. ಗಂಡ ಫೋಟೊ ತೆಗೆದರೆ ಹೆಂಡತಿ ಬಣ್ಣ ಹಾಕುವವಳು. ಕಪ್ಪು ಬಿಳುಪು ಪ್ರಿಂಟಿನ ಮೇಲೆ ಕೂದಲೆಳೆಯಂಥ ಬ್ರಷ್ಷಿನಲ್ಲಿ ಆಂಡಾಳ್ ಸೀರೆಗೆ ಅಂಚು ಕೊಡುತ್ತಿದ್ದಳು, ಕೆನ್ನೆಗೆ ರಂಗು ಕೊಡುತ್ತಿದ್ದಳು. ಬ್ರಷ್ಷಿನ ತುದಿ ಚೂಪಾಗಲೆಂದು ಆಗಾಗ ತುಟಿಗೆ ಒತ್ತಿಕೊಳ್ಳುತ್ತಿದ್ದಳು. ಎಡತುಟಿಯ ಪಕ್ಕದಲ್ಲಿ ಅಕ್ಕಿಕಾಳಿನಷ್ಟು ಬಿಳಿ ಮಚ್ಚೆ ಕಾಣಿಸಿಕೊಂಡಾಗ, ಎಂಜಲು ಬ್ರಷ್ಷಿನ ಫಲ ಇದು ಎಂದು ಸುಂದರಮ್ಮ ಊರೆಲ್ಲ ಹೇಳಿಕೊಂಡು ಬಂದರು.

1977ರಲ್ಲಿ ಮಲ್ಲೇಶ್ವರದಲ್ಲಿ ಒಂದು ಮುಂಜಿ. ಆಂಡಾಳಿನ ತಂದೆಯ ಮನೆಯವರೆಲ್ಲ ನಿಂತು ಗ್ರೂಪ್ ಫೋಟೊ ತೆಗೆಸಿಕೊಂಡರು. ಕೊನೆಯ ತಂಗಿಗೆ ಗಂಡು ನೋಡುತ್ತಿದ್ದ ಕಾಲ ಅದು. ಮಚ್ಚೆ ಆಗ ಹುಣಿಸೆಬೀಜದಷ್ಟಾಗಿತ್ತು. ಸುಂದರಮ್ಮ ಸ್ಟುಡಿಯೊಗೇ ಬಂದು ಆಂಡಾಳಿನ ಪಕ್ಕ ಕೂತರು. "ಹೇಗೂ ಬ್ರಷ್ ನಿನ್ನ ಕೈಲೇ ಇದೆ. ನಿನ್ನ ಮುಖಾನೂ ಒಂಚೂರು ಸರಿಮಾಡ್ಕೊಂಡ್ಬಿಡೆ. ಗಂಡಿನ ಕಡೆಯೋರು ನೋಡೋ ಫೋಟೊ."

ಇಪ್ಪತ್ತೆರಡು ಪ್ರಿಂಟುಗಳಿದ್ದವು. ಇಪ್ಪತ್ತೆರಡರಲ್ಲೂ ಆಂಡಾಳ್ ತನ್ನ ತುಟಿಯ ಪಕ್ಕ ಬಣ್ಣ ತುಂಬಿದಳು. ಬ್ರಷ್ ತೊಳೆದಿಟ್ಟು ಗಂಡನ ಕಡೆ ತಿರುಗಿ, "ಇಪ್ಪತ್ತೆರಡು ಸಲ ನನ್ನ ಮುಖ ನಾನೇ ಒರೆಸ್ಕೊಂಡೆ, ಸಾಕು. ಇನ್ನು ನನ್ನ ಫೋಟೊ ತೆಗೀಬೇಡಿ," ಎಂದಳು. ವರದರಾಜರು ನಗಲು ಹೋದರು. ಆಕೆ ನಗಲಿಲ್ಲ. ಹೆಣದ ಫೋಟೊ ತೆಗೆಯಲು ತಿಂಗಳಿಗೆರಡು ಸಲವಾದರೂ ಅವರನ್ನು ಕರೆಯುವವರಿದ್ದರು. ಗೋಡೆಗೆ ಒರಗಿಸಿ, ಗದ್ದಕ್ಕೆ ಬಟ್ಟೆ ಕಟ್ಟಿ, ಸುತ್ತ ಮಕ್ಕಳು ಮರಿ ನಿಂತು ತೆಗೆಸುವ ಆ ಫೋಟೊಗಳಿಗೂ ಆಂಡಾಳೇ ಬಣ್ಣ ಹಾಕುತ್ತಿದ್ದಳು.

"ಸತ್ತಾಗಲೂ ಬೇಡ," ಎಂದಳು.

ವರದರಾಜರು ಮರದ ಕ್ಯಾಮೆರಾದ ಮೇಲೆ, ದೇವರ ಮುಂದೆ ಇಡುವಂತೆ, ಕೈಯಿಟ್ಟರು.

*

ಸುಪ್ರಜಾ ಬಂದಾಗ ಎರಡೂವರೆ. ನಾಲ್ಕು ವರ್ಷದ ಮಗಳು ದೀಪ್ತಿ ಕಂಕುಳಲ್ಲಿ ನಿದ್ದೆ ಹೋಗಿದ್ದಳು. ಮಗುವನ್ನು ಯಾರದೋ ಕೈಗೆ ಕೊಟ್ಟು ತಾಯಿಯ ಪಾದ ಹಿಡಿದು ಅರ್ಧ ಗಂಟೆ ಕೂತಳು. ಆಮೇಲೆ ಎದ್ದು ಅಪ್ಪನನ್ನು ಸ್ಟುಡಿಯೊ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದಳು.

ಪೇಪರಿಗೆ ಕೊಡಬೇಕಲ್ಲ, ಹದಿಮೂರನೆಯ ದಿನಕ್ಕೆ ಇಡಬೇಕಲ್ಲ, ಅಮ್ಮನ ಫೋಟೊ ಯಾವುದಿದೆ ಎಂದು ಕೇಳಿದಳು. ಊರಿನವರ ಸಾವಿರ ಮುಖಗಳು ನೆಗೆಟಿವ್ ಪೆಟ್ಟಿಗೆಗಳಲ್ಲಿದ್ದವು. ಆಂಡಾಳ್ ಮತದಾರರ ಚೀಟಿಯ ಕ್ಯಾಮೆರಾದ ಮುಂದೆಯೂ ಕೂತವಳಲ್ಲ. ಮದುವೆ ಆಲ್ಬಮ್ ಇದೆ ಎಂದರು ವರದರಾಜರು.

"ಅದು ಹತ್ತೊಂಬತ್ತು ವರ್ಷದ ಹುಡುಗಿ ಅಪ್ಪ. ಮಚ್ಚೆ ಇಲ್ದೆ ಇರೋ ಹುಡುಗಿ. ಅದು ನಮ್ಮಮ್ಮ ಅಲ್ಲ."

ಸುಪ್ರಜಾ ಮುಷ್ಟಿಯಲ್ಲಿದ್ದುದನ್ನು ಮೇಜಿನ ಮೇಲಿಟ್ಟಳು. ಆಕರ್ಷನ ಮೊಬೈಲು. ನೀವು ಕೈ ಅಡ್ಡ ಹಿಡಿಯುವುದಕ್ಕೆ ಮುಂಚೆಯೇ ಅವನು ಒಂದು ತೆಗೆದುಬಿಟ್ಟಿದ್ದಾನೆ, ಹೇಳುವುದಕ್ಕೆ ಹೆದರಿ ನನ್ನ ಕೈಗೆ ಕೊಟ್ಟ ಎಂದಳು.

ಬೆಂಕಿಪೊಟ್ಟಣದಷ್ಟು ಪರದೆಯಲ್ಲಿ ಆಂಡಾಳ್ ಇದ್ದಳು. ಕಣ್ಣು ಮುಚ್ಚಿತ್ತು. ಹಣೆಯ ತುಂಬ ಕುಂಕುಮ, ಪಕ್ಕದಲ್ಲಿ ತುಳಸಿ. ಕಿಟಕಿಯ ಬೆಳಕು ಎಡಗೆನ್ನೆಗೆ ಬಿದ್ದು, ಗದ್ದದವರೆಗೆ ಹರಡಿದ್ದ ಮಚ್ಚೆ ಹಾಲಿನಂತೆ ಕಾಣುತ್ತಿತ್ತು. ಬೆಳಕು ಎಷ್ಟು ಚೆನ್ನಾಗಿದೆ ಎಂದು ವರದರಾಜರ ಕಣ್ಣು ಮೊದಲು ಹೇಳಿತು. ಮನಸ್ಸು ಆಮೇಲೆ ಹೆದರಿತು. ಐವತ್ತು ವರ್ಷ ಕ್ಯಾಮೆರಾ ಹಿಡಿದವರಿಗೆ ಆ ಪುಟ್ಟ ಡಬ್ಬಿಯಲ್ಲಿ ಚಿತ್ರ ಅಳಿಸುವ ಗುಂಡಿ ಯಾವುದೆಂದು ತಿಳಿಯಲಿಲ್ಲ.

"ಅಳಿಸ್ಬಿಡಮ್ಮ."

"ನೀವು ತೆಗೆದಿಲ್ವಲ್ಲ ಅಪ್ಪ."

"ಬೇರೆಯೋರಿಗೂ ಬಿಡಲ್ಲ ಅಂದಿದ್ದೆ."

"ನಾಳೆ ದೀಪ್ತಿ ದೊಡ್ಡೋಳಾದ್ಮೇಲೆ ಅಜ್ಜಿ ಹೇಗಿದ್ರು ಅಂತ ಕೇಳಿದ್ರೆ ನಾನೇನ್ ತೋರಿಸ್ಲಿ? ಅಮ್ಮನಿಗೆ ಕೊಟ್ಟ ಮಾತು ದೊಡ್ಡದು, ಸರಿ. ನನಗೂ ಅವಳು ಅಮ್ಮ ತಾನೆ?"

ಹೊರಗೆ ವಾಧ್ಯಾರರು ಮೂರೂಕಾಲಾಯಿತು ಎಂದು ಯಾರಿಗೋ ಗಟ್ಟಿಯಾಗಿ ಹೇಳುತ್ತಿದ್ದರು. ವರದರಾಜರು ತಲೆಯೆತ್ತಿ ಗಲ್ಲಾದ ಮೇಲಿನ ಗೋಡೆ ನೋಡಿದರು.

*

ಗೋಡೆಯ ಮೇಲಿದ್ದುದು ಮೊಳದಗಲದ ಒಂದು ಚಿತ್ರ. ಬೋಳುಗುಡ್ಡ, ಗುಡ್ಡದ ಬುಡದಲ್ಲಿ ಹತ್ತಾರು ಮರದ ಮನೆ, ಆಚೆ ನೀರಿನಲ್ಲಿ ತೇಲುವ ಹಿಮದ ಬಂಡೆಗಳು.

ಚಾಮರಾಜಪೇಟೆಯ ಏಕಾಂತಯ್ಯನವರು ಕಾಲೇಜಿನಲ್ಲಿ ಭೂವಿಜ್ಞಾನದ ಮೇಷ್ಟ್ರು. ತಮ್ಮ ಸ್ಲೈಡುಗಳನ್ನು ವರದರಾಜರ ಹತ್ತಿರವೇ ಮಾಡಿಸುತ್ತಿದ್ದವರು. 1996ರಲ್ಲಿ ಯಾವುದೋ ವಿದೇಶಿ ತಂಡದ ಜೊತೆ ಗ್ರೀನ್‌ಲ್ಯಾಂಡಿನ ಒಂದು ಮೂಲೆಯ ಹಳ್ಳಿಗೆ ಹೊರಟಾಗ, ಫೋಟೊಗೆ ನೀವೇ ಬನ್ನಿ ಎಂದರು. ಹೆಪ್ಪುಗಟ್ಟಿದ ನೆಲ ಬೇಸಿಗೆಯಲ್ಲಿ ಎಷ್ಟು ಸಡಿಲವಾಗುತ್ತದೆಂದು ನೋಡಬೇಕು. ಅದಕ್ಕೆ ಅದೇ ಗುಡ್ಡಗಳನ್ನು ಅದೇ ಜಾಗದಿಂದ ಬೆಳಿಗ್ಗೆ, ಮಧ್ಯಾಹ್ನ, ಮಧ್ಯರಾತ್ರಿ ತೆಗೆಯಬೇಕು. ಕಪ್ಪು ಬಿಳುಪಿನಲ್ಲೇ ಆಗಬೇಕು, ಚಿತ್ರದಲ್ಲಿ ಜನ ಇರಕೂಡದು.

ಮೈಸೂರಿನಾಚೆ ಹೋಗದಿದ್ದ ವರದರಾಜರು ಪುಳಿಯೋಗರೆ ಗೊಜ್ಜಿನ ಡಬ್ಬಿ, ಮೂರು ಸೇರು ಅವಲಕ್ಕಿ ಕಟ್ಟಿಕೊಂಡು ಹೋದರು. ನಲವತ್ತು ದಿನ ಅಲ್ಲಿ ಸೂರ್ಯ ಮುಳುಗಲಿಲ್ಲ. ಗಾಣದೆತ್ತಿನ ಹಾಗೆ ಆಕಾಶದಂಚಿನಲ್ಲೇ ಸುತ್ತುತ್ತಿದ್ದ. ಸಂಧ್ಯಾವಂದನೆಯನ್ನು ಅವರು ಕೈಗಡಿಯಾರ ನೋಡಿಕೊಂಡು ಮಾಡಿದರು. ಅಲ್ಲಿನ ಸೊಳ್ಳೆಗಳು ಕೆಂಪಾಂಬುಧಿ ಕೆರೆಯ ಸೊಳ್ಳೆಗಳ ದೊಡ್ಡಪ್ಪಂದಿರು ಎಂದು ಮನೆಗೆ ಕಾಗದ ಬರೆದರು.

ಬಂದ ಮೇಲೆ ಪ್ರಿಂಟು ಹಾಕಿ ನೋಡಿದಾಗ ಅವರಿಗೆ ಒಂದು ಕೊರಗು ಹತ್ತಿಕೊಂಡಿತು. ಮರವಿಲ್ಲ, ಕಂಬವಿಲ್ಲ. ಗುಡ್ಡ ನಮ್ಮ ಕಹಳೆ ಬಂಡೆಯಷ್ಟಿದೆಯೋ ನಂದಿಬೆಟ್ಟದಷ್ಟಿದೆಯೋ ನೋಡಿದವರಿಗೆ ತಿಳಿಯುವುದೇ ಇಲ್ಲ. "ಅಳತೆಗೆ ಒಬ್ಬರಾದ್ರೂ ನಿಂತಿರಬೇಕಿತ್ತು ಕಣೆ," ಎಂದು ಊಟದ ಎಲೆಯ ಮುಂದೆ ದಿನವೂ ಗೊಣಗಿದರು.

ಆಗಲೇ ಕಲರ್ ಲ್ಯಾಬುಗಳು ಬಂದು ಆಂಡಾಳಿನ ಬ್ರಷ್ಷುಗಳು ಒಣಗಿ ಕೂತಿದ್ದವು. ಒಂದು ಪ್ರಿಂಟನ್ನು ದೊಡ್ಡದು ಮಾಡಿಕೊಡಿ ಎಂದು ಆಕೆಯೇ ಕೇಳಿದಳು. ಕಾಣದ ಊರಿನ ಬಣ್ಣಗಳನ್ನು ಗಂಡನ ಬಾಯಿಂದ ಒಂದೊಂದಾಗಿ ಹೇಳಿಸಿಕೊಂಡಳು. ಮನೆಗಳು ಕುಂಕುಮದ ಬಣ್ಣ. ಮಧ್ಯರಾತ್ರಿಯ ಆಕಾಶ ಹಾಲಿಗೆ ಕೇಸರಿ ಹಾಕಿದ ಹಾಗೆ. ಹುಲ್ಲಿನ ತುದಿಯಲ್ಲಿ ಬತ್ತಿಗೆ ಹಿಂಜಿದ ಹತ್ತಿಯಂಥ ಹೂವು. ಒಂಬತ್ತು ದಿನ ಹಿಡಿಯಿತು.

ಕಟ್ಟು ಹಾಕಿಸಿ ಗೋಡೆಗೇರಿಸಿ ತಿಂಗಳಾದ ಮೇಲೆ, ಒಂದು ಮಧ್ಯಾಹ್ನ, ಗುಡ್ಡದ ಬುಡದಲ್ಲಿ ಯಾರೋ ನಡೆದು ಹೋಗುತ್ತಿರುವುದು ವರದರಾಜರಿಗೆ ಕಂಡಿತು. ಹೆಬ್ಬೆರಳಿನ ಉಗುರಿನಷ್ಟೆತ್ತರದ ಹೆಂಗಸು, ಕೆಂಪು ಸೀರೆ. ಬೆನ್ನು ಈ ಕಡೆಗಿತ್ತು. ಮಧ್ಯರಾತ್ರಿಯ ಬಿಸಿಲಿಗೆ ಸರಿಯಾಗಿ ಉದ್ದನೆಯ ನೆರಳು ಬೇರೆ. ಆ ನೆಗೆಟಿವ್‌ನಲ್ಲಿ ನರಪಿಳ್ಳೆಯೂ ಇರಲಿಲ್ಲ.

ಅವರು ಬಾಯಿ ಬಿಡಲಿಲ್ಲ. ಕೇಳಿದರೆ ಮಾರನೆಯ ದಿನವೇ ಆಕೆ ಹತ್ತಿಯಲ್ಲಿ ಒರೆಸಿಬಿಡುವಳೆಂದು ಗೊತ್ತಿತ್ತು. ಆಯುಧಪೂಜೆಯ ಹಿಂದಿನ ದಿನ ಸ್ಟುಡಿಯೊದ ಚಿತ್ರಗಳನ್ನೆಲ್ಲ ಇಳಿಸಿ ಗಾಜು ಒರೆಸುವುದು ರೂಢಿ. ಆ ವರ್ಷ ಇದೊಂದರ ಕಟ್ಟನ್ನು ನಾನೇ ಬಿಚ್ಚಿ ಒರೆಸುತ್ತೇನೆ ಎಂದಳು ಆಂಡಾಳ್. ವರದರಾಜರು ಬೂದುಗುಂಬಳ ತರಲು ಗಾಂಧಿ ಬಜಾರಿಗೆ ಹೋದವರು, ಐದು ನಿಮಿಷದ ಕೆಲಸಕ್ಕೆ ಎರಡು ಗಂಟೆ ತೆಗೆದುಕೊಂಡರು. ಬಂದು ನೋಡಿದರೆ ಹೆಂಗಸಿನ ಎಡಗೈಗೆ ತರಕಾರಿ ಚೀಲ ಬಂದಿತ್ತು. ಮುಂದಿನ ವರ್ಷ ಕಂಕುಳಿಗೆ ಕೊಡೆ ಬಂತು. ಹೀಗೆ ಹನ್ನೆರಡು ವರ್ಷ ನಡೆಯಿತು. ಆಕೆ ಹೇಳಲಿಲ್ಲ, ಇವರು ಕೇಳಲಿಲ್ಲ. ಈ ವರ್ಷ ಮಾತ್ರ ವರದರಾಜರ ಕಣ್ಣಿಗೆ ಪೊರೆ ಬಂದು, ಏನು ಸೇರಿದೆಯೆಂದು ಕಾಣಲಿಲ್ಲ. ಕೇಳಿ ತಿಳಿಯುವ ಹಾಗೂ ಇರಲಿಲ್ಲ.

*

ವರದರಾಜರು ಸ್ಟೂಲು ಹತ್ತಿ ಚಿತ್ರ ಇಳಿಸಿದರು. ಸುಪ್ರಜಾ, ಈಗ ಇದೆಲ್ಲ ಯಾಕೆ, ಬೀಳ್ತೀರ ಎಂದು ಗದರುತ್ತಲೇ ಕಾಲು ಹಿಡಿದುಕೊಂಡಳು. ನೆಗೆಟಿವ್ ತಿದ್ದುವ ಮೇಜಿನ ಖಾನೆಯಿಂದ ಭೂತಗನ್ನಡಿ ತೆಗೆದು ಮಗಳ ಕೈಗೆ ಕೊಟ್ಟು ಗುಡ್ಡದ ಬುಡಕ್ಕೆ ಬೆರಳಿಟ್ಟರು.

ಸುಪ್ರಜಾ ಬಗ್ಗಿ ನೋಡಿದಳು. ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಏಕಾಂತಯ್ಯನವರು ಬಂದರು. ವಾಧ್ಯಾರರು ಕರೆಯುತ್ತಿದ್ದಾರೆಂದು ಹೇಳಲು ಬಂದ ಹಿರಿಯರು ಚಿತ್ರ ಕಂಡು ನಿಂತರು.

"ಸರ್, ಇಲ್ಲಿ ಯಾರೋ ಇದಾರಲ್ಲ," ಎಂದಳು ಸುಪ್ರಜಾ.

"ಇಲ್ಲಮ್ಮ. ನನ್ನ ಹತ್ರ ಇರೋ ಪ್ರಿಂಟಲ್ಲಿ ಯಾರೂ ಇಲ್ಲ. ಜನ ಬೇಡ ಅಂತ ನಾನೇ ಹೇಳಿದ್ದೆ."

ಸುಪ್ರಜಾ ಮತ್ತೆ ಬಗ್ಗಿದಳು. ಈ ಸಲ ಬಹಳ ಹೊತ್ತು ಏಳಲಿಲ್ಲ. ಚೀಲದ ಭಾರಕ್ಕೆ ಎಡಭುಜ ಇಳಿದು ಬಲಭುಜ ಏರಿದ್ದ ಆ ನಡಿಗೆ ಅವಳಿಗೆ ಹಾಲುಗಲ್ಲದ ಕಾಲದಿಂದ ಗೊತ್ತಿತ್ತು.

"ಬೆನ್ನು ಮಾಡಿದಾಳೆ," ಎಂದರು ವರದರಾಜರು. "ಅಷ್ಟೇ ಇರೋದಮ್ಮ ನನ್ನ ಹತ್ರ. ಮುಖ ಇಲ್ಲ."

"ಇದೆ ಅಪ್ಪ."

"ಎಲ್ಲಿ?"

"ತಿರುಗಿದಾಳೆ. ನೋಡಿ."

ವರದರಾಜರು ಭೂತಗನ್ನಡಿ ಕಸಿದುಕೊಂಡರು. ಪೊರೆಗಣ್ಣಿಗೆ ಮೊದಲು ಕೆಂಪು ಮಸುಕಷ್ಟೇ ಕಂಡಿತು. ಗಾಜನ್ನು ಮೇಲೆ ಕೆಳಗೆ ಮಾಡಿದಾಗ ಗೆರೆಗಳು ನಿಂತವು. ನಡೆಯುತ್ತಿದ್ದವಳು ಯಾರೋ ಕರೆದಂತೆ ಭುಜದ ಮೇಲಿಂದ ಹಿಂದಿರುಗಿ ನೋಡುತ್ತಿದ್ದಳು. ಸಾಸಿವೆಯಷ್ಟು ಮುಖ. ತುಟಿಯ ಎಡಕ್ಕೆ ಬ್ಲೇಡಿನ ಮೊನೆಯಿಂದ ಬಣ್ಣ ಕೆರೆದು, ಒಳಗಿನ ಬಿಳಿ ಕಾಗದವನ್ನೇ ತೋರಿಸಿದ್ದಳು, ಸೂಜಿ ಚುಚ್ಚಿದಷ್ಟು.

ಅವರು ಸ್ಟೂಲಿನ ಮೇಲೆ ಕೂತುಬಿಟ್ಟರು. ಈ ವರ್ಷದ ಆಯುಧಪೂಜೆಯ ಮುನ್ನಾದಿನ ಆ ಎರಡು ಗಂಟೆ ತಾವು ಹೂವಿನ ಸಾಲಿನಲ್ಲಿ ನಿಂತು ಯಾರ ಜೊತೆಯೋ ಕುಂಬಳಕಾಯಿಯ ರೇಟು ಮಾತಾಡುತ್ತಿದ್ದುದು ನೆನಪಾಯಿತು.

"ಮೂರೂ ಮುಕ್ಕಾಲು," ಎಂದು ವಾಧ್ಯಾರರು ಬಾಗಿಲಲ್ಲೇ ಹೇಳಿದರು. "ನೀವೇ ಕರ್ತೃಗಳು. ಮಿಂದು ಬರಬೇಕು ಇನ್ನು."

ಸುಪ್ರಜಾ ಮೇಜಿನ ಮೇಲಿದ್ದ ಮೊಬೈಲ್ ಎತ್ತಿಕೊಂಡಳು. ಪರದೆಯನ್ನು ಒಂದು ಸಲ, ತಾಯಿಯ ಕೆನ್ನೆ ಸವರಿದ ಹಾಗೆ, ಹೆಬ್ಬೆರಳಲ್ಲಿ ಸವರಿದಳು. ಅಳಿಸುವ ಗುಂಡಿ ಒತ್ತಿದಳು. ಖಚಿತವೇ ಎಂದು ಮೊಬೈಲು ಕೇಳಿರಬೇಕು, ಅವಳು ಇನ್ನೊಂದು ಸಲ ಒತ್ತಿದಳು. ಖಾಲಿಯಾದ ಪರದೆಯನ್ನು ಅಪ್ಪನ ಕಣ್ಣ ಹತ್ತಿರ ಹಿಡಿದು ತೋರಿಸಿದಳು.

ಗಾಡಿ ನಾಲ್ಕೂ ಹತ್ತಕ್ಕೆ ಹೊರಟಿತು. ವರದರಾಜರು ದಾರಿಯುದ್ದಕ್ಕೂ ಕಿಟಕಿಯಿಂದ ಸೂರ್ಯನನ್ನೇ ನೋಡುತ್ತಿದ್ದರು. ಒದ್ದೆ ಪಂಚೆಯಲ್ಲಿ ಅವರು ಮನೆಗೆ ಹಿಂದಿರುಗಿದಾಗ ಬೀದಿದೀಪ ಹತ್ತಿತ್ತು. ತೊಳೆದ ನಡುಮನೆಯಲ್ಲಿ, ಆಂಡಾಳ್ ಮಲಗಿದ್ದ ಜಾಗದಲ್ಲಿ ಒಂದು ಹಣತೆ. ಹಣತೆಯ ಹಿಂದೆ ಗೋಡೆಗೊರಗಿಸಿದ ಚಿತ್ರ. ಇದ್ಯಾವ ಊರಿನ ಗುಡ್ಡ, ಇದನ್ಯಾಕೆ ತಂದಿಟ್ಟಿರಿ ಎಂದು ಸುಂದರಮ್ಮ ಕೇಳುತ್ತಿದ್ದರು. ದೀಪ್ತಿ ನೆಲದ ಮೇಲೆ ಬೋರಲಾಗಿ, ಭೂತಗನ್ನಡಿಯನ್ನು ಎರಡೂ ಕೈಯಲ್ಲಿ ಹಿಡಿದು, ಗುಡ್ಡದ ಬುಡವನ್ನು ನೋಡುತ್ತಿದ್ದಳು. ನೋಡಿ ನೋಡಿ, ತನ್ನ ತುಟಿಯ ಎಡಕ್ಕೆ ಬೆರಳಿಟ್ಟುಕೊಂಡಳು.

ಮಚ್ಚೆಯಿದ್ದ ಆಂಡಾಳಿನ ಫೋಟೊ ಯಾರ ಹತ್ತಿರವೂ ಉಳಿಯಲಿಲ್ಲ. ವರದರಾಜರು ಕೊಟ್ಟ ಮಾತು ಉಳಿಯಿತು.